ಹಾಸಿಗೆ ಹಾಸುವ ಹೊತ್ತಿಗೆ ಬರುವ ದೇವಿ

ಯುದ್ಧ ಮುಗಿದ ವರ್ಷ ರಾಯಚೂರಿನಲ್ಲಿ ಸಕ್ಕರೆಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು. ಸಲಹೆಗೆ ಮಾತ್ರ ಯಾವ ಕಂಟ್ರೋಲೂ ಇರಲಿಲ್ಲ.

ಹತ್ತಿ ಗಿರಣಿಯಲ್ಲಿ ಅಂಡಿಗೆ, ಮೂಟೆ ಹೊರುತ್ತಿದ್ದ ತಾಯಪ್ಪನ ಹೆಂಡತಿ ಬೂದೆಮ್ಮನ ಮೈಮೇಲೆ ದೇವಿ ಬರತೊಡಗಿದ್ದು ಆಕೆಯ ಆರನೆಯ ಕೂಸು ಬೋರಲು ಬೀಳಲು ಕಲಿತ ತಿಂಗಳು. ದೇವಿ ಹೊಸಬಳೇನಲ್ಲ. ದೇವದುರ್ಗದ ಕಡೆಯ ಮಸರಕಲ್ಲಿನಲ್ಲಿ, ಇವರು ಮೊದಲು ಕೂಲಿಗೆ ಹೋಗುತ್ತಿದ್ದ ಹೊಲದ ಬದುವಿನ ಮೇಲೆ ಕಲ್ಲಾಗಿ ಕೂತಿದ್ದ ದುರಗಮ್ಮ. ಕೆಲಸ ಹುಡುಕಿಕೊಂಡು ಇವರು ಶಹರಕ್ಕೆ ಬಂದಂತೆ ಆಕೆಯೂ ಬಂದಳು ಎಂದು ಗಿರಣಿಯ ಹಿಂದಿನ ಓಣಿ ನಂಬಿತು.

ಬಂದ ದೇವಿ ಕುರಿ ಕೇಳಲಿಲ್ಲ, ಕೋಳಿ ಕೇಳಲಿಲ್ಲ. ಉಂಡು ಮುಸುರೆ ತಿಕ್ಕಿ ಹಾಸಿಗೆ ಬಿಡಿಸುವ ಹೊತ್ತಿಗೆ ಬೂದೆಮ್ಮ ಕೂದಲು ಕೆದರಿಕೊಂಡು ತೂಗಾಡುವಳು. ಗಂಡನ ಕಡೆ ನೋಡಿ ದಪ್ಪ ದನಿಯಲ್ಲಿ, ದೂರ ಇರು, ಅನ್ನುವಳು. ಅಷ್ಟೇ. ತಾಯಪ್ಪ ಕೈಮುಗಿದು ಚಾಪೆ ಸುತ್ತಿಕೊಂಡು ಅಂಗಳಕ್ಕೆ ಹೋಗುವನು. ಮೊದಲು ಶುಕ್ರವಾರ ಮಾತ್ರ ಬರುತ್ತಿದ್ದ ದೇವಿ ಆಮೇಲೆ ಮಂಗಳವಾರವನ್ನೂ ಹಿಡಿದಳು. ಬರಬರುತ್ತ ವಾರದ ಹಂಗೇ ಉಳಿಯಲಿಲ್ಲ.

ತಾಯಪ್ಪನ ತಾಯಿ ಗೋಪಮ್ಮನಿಗೆ ಭಕ್ತಿ ಇತ್ತು, ಕಣ್ಣೂ ಇದ್ದವು. ಮೈಮೇಲೆ ದೇವಿ ಇದ್ದಾಗಲೂ ಬೂದೆಮ್ಮನ ಎಡಗೈ ತೊಟ್ಟಿಲ ಹಗ್ಗ ಬಿಡುತ್ತಿರಲಿಲ್ಲ ಎಂಬುದನ್ನು ಅವು ನೋಡಿದ್ದವು. ತಲೆ ಒಂದು ಕಡೆ ಗರಗರ ತಿರುಗುತ್ತಿದ್ದರೆ ತೊಟ್ಟಿಲು ಇನ್ನೊಂದು ಕಡೆ ಹದವಾಗಿ ಆಡುತ್ತಿತ್ತು.

“ಹಾಸಿಗಿ ಹಾಸೋ ಹೊತ್ತು ದೇವಿಗೆ ಹ್ಯಾಂಗ ಗೊತ್ತಾಗ್ತದಲೇ?” ಎಂದು ಒಂದು ಮುಂಜಾನೆ ಮಗನನ್ನು ಕೇಳಿದಳು.

ತಾಯಪ್ಪ ರೊಟ್ಟಿ ಮುರಿದು ಬಾಯಿಗಿಟ್ಟ. ಅವನಿಗೆ ಗೊತ್ತಿದ್ದದ್ದು ಬೇರೆ. ಹೆರಿಗೆ ಮಾಡಿಸಿದ ಬಡೇಬೀ ಬಚ್ಚಲಲ್ಲಿ ಮೊಣಕೈತನಕ ರಕ್ತ ತೊಳೆದುಕೊಳ್ಳುತ್ತ ಅವನನ್ನು ಕರೆದು ಹೇಳಿದ್ದಳು: “ಇನ್ನೊಂದಕ್ಕ ನನ್ನ ಕರೀಬ್ಯಾಡಪಾ. ಬಂದ್ರೂ ಆಕೀನ್ನ ಉಳಿಸಾಕ ನನ್ನ ಕೈಲೆ ಆಗಂಗಿಲ್ಲ.” ಇದನ್ನು ಗಂಡಸು ತನ್ನ ತಾಯಿಗೆ ಯಾವ ಮಾತಿನಲ್ಲಿ ಹೇಳಬೇಕು ಎಂಬುದು ಅವನಿಗೆ ಇವತ್ತಿಗೂ ಹೊಳೆದಿರಲಿಲ್ಲ.

ಓಣಿಯವರು ಅಂಗಳದಲ್ಲಿ ಮಲಗುವ ಗಂಡಸನ್ನು ನೋಡಿ, ಮಗನನ್ನು ನಾಯಿ ಕಾಯಲು ಇಟ್ಟೀ ಏನು ಎಂದು ಗೋಪಮ್ಮನನ್ನು ಕಾಡತೊಡಗಿದರು. ಅಂಗಳದಲ್ಲಿ ಮಲಗುವ ಗಂಡಸು ನಾಳೆ ಇನ್ನೊಬ್ಬಳ ಮನೆಯಲ್ಲಿ ಮಲಗುತ್ತಾನೆ ಎಂಬ ಅಂಜಿಕೆ ಆಕೆಗೆ. ಮಗನನ್ನೂ ಸೊಸೆಯನ್ನೂ ಹೊರಡಿಸಿಕೊಂಡು ಬಲ್ಲವರ ಬಾಗಿಲಿಗೆ ಹೋದಳು.

ಮೊದಲು ಸ್ಟೇಶನ್ ರಸ್ತೆಯ ಡಾಕ್ಟರು. ಬೂದೆಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು. ಇದೆಲ್ಲ ಗರ್ಭಕೋಶದ ಆಟ, ಹೆಂಗಸಿನ ಮಿದುಳಿಗೂ ಅದಕ್ಕೂ ನರಗಳ ನಂಟಿದೆ, ನಿಸರ್ಗದ ಕೆಲಸ ನಿಲ್ಲಿಸಿದರೆ ನರ ಕೆರಳುತ್ತವೆ ಎಂದರು. ಕೆಂಪು ಟಾನಿಕ್ಕು ಬರೆದರು. ಇನ್ನೊಂದು ಕೂಸಾದರೆ ತಾನೇ ಸರಿಹೋಗುತ್ತದೆ ಎಂದೂ ಹೇಳಿದರು. ತಾಯಪ್ಪ ಬಾಗಿಲಲ್ಲಿ ನಿಂತು ಒಂದೇ ಒಂದು ಕೇಳಿದ: “ಇನ್ನೊಂದಾದ್ರ ಆಕಿ ಉಳಿತಾಳೇನ್ರೀ?” ಡಾಕ್ಟರು, ಟಾನಿಕ್ಕನ್ನು ಊಟವಾದ ಮೇಲೆ ಕುಡಿಸು, ಎಂದರು.

ಎರಡನೆಯವರು ವೆಂಕೋಬ ಮಾಸ್ತರರು. ಹೈದರಾಬಾದಿನಿಂದ ಮನಸ್ಸಿನ ಶಾಸ್ತ್ರದ ಪುಸ್ತಕ ತರಿಸಿ ಓದಿದವರು. ಅವರ ಪ್ರಕಾರ ಗರ್ಭಕೋಶದ್ದು ಹಳೆಯ ಕಾಲದ ಮಾತು. ಮನಸ್ಸಿಗೊಂದು ನೆಲಮಾಳಿಗೆ ಇದೆ, ನಾಚಿಕೆಗೆ ಬಲಿಯಾದ ಆಸೆಗಳೆಲ್ಲ ಅಲ್ಲಿ ಸೆರೆಯಾಗಿ ಒದ್ದಾಡುತ್ತವೆ, ಬೂದೆಮ್ಮನಿಗೆ ಗಂಡನ ಮೇಲೆ ಅಪಾರ ಆಸೆ ಇರುವುದರಿಂದಲೇ ದೂರ ಇರು ಎನ್ನುತ್ತಾಳೆ. ಇಲ್ಲ ಎಂದರೆ ಹೌದು ಎಂದು ತಿಳಿಯಬೇಕು. ಗಂಡ ಹಿಂದೆಗೆಯದೆ ಹತ್ತಿರವಾಗಬೇಕು. ಮಾಸ್ತರರು ಈ ಮಾತನ್ನು ಎರಡು ತಾಸು ಬಿಡಿಸಿ ಹೇಳಿದರು. ಅವರ ಹೆಂಡತಿ ಗದ್ವಾಲದ ತವರುಮನೆಗೆ ಹೋಗಿ ವರ್ಷಗಳಾಗಿದ್ದವು. ಕೇಳುವವರಿಗೆ ಪುರಸೊತ್ತು ಇದ್ದರೆ ಅವರಿಗೂ ಇತ್ತು.

ಕೊನೆಗೆ ಮಾನವಿಯ ಮಲ್ಲಯ್ಯನವರು. ಇದ್ದಿಲ ಹೊಗೆಯಿಂದ ಓಡುವ ಮೋಟಾರಿನಲ್ಲಿ ಕೂತು, ಏರು ಬಂದಲ್ಲಿ ಇಳಿದು ನೂಕಿ, ಮೈಯೆಲ್ಲ ಮಸಿ ಮಾಡಿಕೊಂಡು ತಾಯಿ, ಮಗ, ಸೊಸೆ ಅವರ ಬಾಗಿಲು ಮುಟ್ಟಿದರು. ಅಯ್ಯನವರು ಡಾಕ್ಟರನನ್ನೂ ಮಾಸ್ತರನನ್ನೂ ಒಟ್ಟಿಗೆ ತಳ್ಳಿಹಾಕಿದರು. ಕಾಮವೆಂಬುದು ಜನ್ಮಾಂತರದ ಸಾಲ, ಗಂಡಹೆಂಡಿರು ಅದನ್ನು ಧರ್ಮದಿಂದ ತೀರಿಸಬೇಕು, ನಡುವೆ ಬಂದದ್ದು ದೇವಿಯೋ ದೆವ್ವವೋ ನೋಡಬೇಕು ಎಂದು ತಾಯತ ಮಂತ್ರಿಸಿದರು. ತಾಯತ ಕಟ್ಟಿದ ಮೇಲೂ ಬರುವ ಶುಕ್ರವಾರ ಬಂದರೆ ನಿಜವಾದ ದೇವಿ, ಆಕೆ ಹೇಳಿದಂತೆ ಕೇಳಿರಿ. ಬರದಿದ್ದರೆ ದೆವ್ವ, ಬಿಟ್ಟುಹೋಯಿತೆಂದು ತಿಳಿದು ಮಗನ ಹಾಸಿಗೆ ಒಳಗೆ ಹಾಕಿರಿ.

ಮೂರು ಶಾಸ್ತ್ರಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ. ತಾಯಪ್ಪನ ಹಾಸಿಗೆ ಎಲ್ಲಿರಬೇಕು ಎಂಬಲ್ಲಿ ಮಾತ್ರ ಹೆಚ್ಚುಕಡಿಮೆ ಒಂದಾದವು. ಮೂವರ ಮಾತು ನಡೆದಾಗಲೂ ಬೂದೆಮ್ಮ ಹೊರಗೆ ಕಟ್ಟೆಯ ಮೇಲೆ ಕೂಸಿಗೆ ಹಾಲು ಕುಡಿಸುತ್ತ ತೂಕಡಿಸುತ್ತಿದ್ದಳು. ಆಕೆಯನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಶುಕ್ರವಾರ ಬಂತು. ಆ ವಾರ ನಡುವಿನ ಹುಡುಗಿಗೆ ಜ್ವರ, ಬೂದೆಮ್ಮ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದಳು. ಮುಂಜಾನೆ ಹತ್ತಿ ಆರಿಸಲು ಹೋಗಿ ಸಂಜೆ ಬಂದು ಒಲೆ ಹೊತ್ತಿಸಿದಳು. ಗೋಪಮ್ಮ ದೀಪ ಹಚ್ಚಿ, ತಟ್ಟೆಯಲ್ಲಿ ಭಂಡಾರದ ಅರಿಸಿನ ಇಟ್ಟು, ಬಾಗಿಲ ಹತ್ತಿರ ಕಾದು ಕೂತಳು. ಉಂಡದ್ದಾಯಿತು. ಬೂದೆಮ್ಮ ತೊಟ್ಟಿಲ ಪಕ್ಕ ಗೋಡೆಗೆ ಒರಗಿದಳು. ಕೂದಲ ಗಂಟಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು, ಜಾರಿ ಮಡಿಲಿಗೆ ಬಿತ್ತು. ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ಗೋಪಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಅಂಗಳದಲ್ಲಿದ್ದ ಮಗನ ಚಾಪೆ ತಂದು ಒಳಗೆ ಬಿಡಿಸಿದಳು. “ದೆವ್ವ ಹೋತು. ಬಾ ಒಳಗ,” ಅಂದಳು.

ತಾಯಪ್ಪ ಹೊಸ್ತಿಲ ಮೇಲೆ ನಿಂತ. ಮಲಗಿದ್ದವಳನ್ನು ನೋಡಿದ. ಕೊರಳ ಎಲುಬುಗಳು ದೀಪದ ಬೆಳಕಿಗೆ ಎದ್ದು ಕಾಣುತ್ತಿದ್ದವು. ತಾಯಿಯ ಮುಖ ನೋಡಿದ. ಬಡೇಬೀಯ ಮಾತು ನಾಲಗೆಯ ತುದಿಗೆ ಬಂತು, ಈಗಲೂ ಹೊರಗೆ ಬರಲಿಲ್ಲ.

ಆಗ ಅವನ ಭುಜ ನಡುಗಿತು.

ಜನ್ಮದಲ್ಲಿ ಒಂದು ಕೋಲಾಟ ಆಡಿದವನಲ್ಲ. ಅವನು ಬಲ್ಲ ನಡುಕವೆಂದರೆ ಗಿರಣಿಯ ಯಂತ್ರದ್ದು. ಹಾಗೆಯೇ, ಒಂದೇ ಸಮನೆ, ಗಟಗಟ ನಡುಗಿದ. ತಟ್ಟೆಯ ಭಂಡಾರ ಎತ್ತಿ ಹಣೆಗೆ ಬಳಿದುಕೊಂಡ, ಅರ್ಧ ಕಣ್ಣಿಗೇ ಬಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆ, ದನಿಯನ್ನು ಎಲ್ಲಿಂದಲೋ ಎಳೆದು ತಂದು ಹೇಳಿದ: “ಆಕೀನ್ನ ಮುಟ್ಟಬ್ಯಾಡ್ರಿ. ಆಕಿ ನನ್ನ ಮಗಳು. ಇನ್ನೊಂದು ಹಡದ್ರ ಉಳಿಯಂಗಿಲ್ಲ.”

ಗೋಪಮ್ಮ ಮಗನನ್ನು ಅಡಿಯಿಂದ ಮುಡಿತನಕ ಅಳೆದಳು. ಇಷ್ಟು ಕೆಟ್ಟದಾಗಿ ಮೈಮೇಲೆ ಬಂದ ದೇವಿಯನ್ನು ಆಕೆ ಯಾವ ಊರಲ್ಲೂ ನೋಡಿರಲಿಲ್ಲ. ಆದರೂ ಸೆರಗು ಹೊದ್ದು ಕೈಮುಗಿದಳು.

“ಎಲ್ಲಿತನಕ, ಯವ್ವಾ?”

ಇದನ್ನು ತಾಯಪ್ಪ ಯೋಚಿಸಿರಲಿಲ್ಲ. ನಡುಕದ ತಾಳ ಸ್ವಲ್ಪ ತಪ್ಪಿತು.

“ಹೇಳಿ ಕಳಸ್ತೀನಿ,” ಎಂದಿತು ದೇವಿ.

ಗೋಪಮ್ಮ ನಗಲಿಲ್ಲ. ಬಗ್ಗಿ ಚಾಪೆ ಸುತ್ತಿದಳು, ಅಂಗಳಕ್ಕೆ ಒಯ್ದು ಹಾಸಿದಳು, ತಲೆದಿಂಬಿನ ಧೂಳು ಬಡಿದಿಟ್ಟಳು. ತಿರುಗಿ ಬಂದು ಸೆರಗಿನ ತುದಿಯಿಂದ ಮಗನ ಕಣ್ಣಿನ ಭಂಡಾರ ಒರೆಸಿದಳು. ಹಡೆದ ಕೂಸುಗಳು ಎಷ್ಟು, ಉಳಿದವು ಎಷ್ಟು ಎಂದು ಆಕೆಯನ್ನೂ ಯಾವ ಶಾಸ್ತ್ರ ಕೇಳಿರಲಿಲ್ಲ.

“ನಿಮ್ಮಪ್ಪನ ಮೈಮ್ಯಾಲೆ ಒಂದಿನಾನೂ ಬರಲಿಲ್ಲ ನೋಡು ಈಕಿ,” ಅಂದಳು.

ತೊಟ್ಟಿಲಲ್ಲಿ ಕೂಸು ಮಿಸುಕಿತು. ನಿದ್ದೆಯಲ್ಲೇ ಹಗ್ಗ ಹುಡುಕುತ್ತಿದ್ದ ಸೊಸೆಯ ಕೈಯನ್ನು ಮೆಲ್ಲಗೆ ಸರಿಸಿ, ಗೋಪಮ್ಮ ಗೋಡೆಗೆ ಒರಗಿ ಕೂತು ತಾನೇ ತೂಗತೊಡಗಿದಳು.