ಮೈನಸ್ ಹದಿನೈದೂಕಾಲು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಲಿಫ್ಟಕ್ಕ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಲಿಫ್ಟಿನ ಗುಂಡಿ ಒತ್ತಿದವಳು. ತಾನೇ ಓಡುವ ಲಿಫ್ಟು ಬಂದ ಮೇಲೆ ಅವಳನ್ನು ಲಸಿಕೆ ಕೋಣೆಗೆ ಹಾಕಿದರು. ಅಲ್ಲಿನ ಫ್ರಿಜ್ಜಿನ ಲೆಕ್ಕ ಸುಲಭವಾಗಿತ್ತು: ಶಾಖ ತೋರಿಸುವ ಮುಳ್ಳು ಎಂಟು ಡಿಗ್ರಿ ದಾಟಬಾರದು, ಅಷ್ಟೇ. ಆದರೆ ಆ ದಿನ ಮೊದಲ ಸಲ ದೊಡ್ಡ ಫ್ರೀಜರೂ ಅವಳ ಪಾಲಿಗೆ ಬಂತು. ಅದರ ಬಾಗಿಲ ಮೇಲೆ ಕೆಂಪಕ್ಷರದ ಚೀಟಿ: ‘ಮೈನಸ್ ಹದಿನೈದು ದಾಟಬಾರದು.’

ಮಧ್ಯಾಹ್ನ ಒಂದೂವರೆಗೆ ಕರೆಂಟು ಹೋಯಿತು. ಜನರೇಟರು ಕೆಮ್ಮಿ ಕೆಮ್ಮಿ ಹೊತ್ತಿಕೊಳ್ಳುವಷ್ಟರಲ್ಲಿ ಮುಕ್ಕಾಲು ಗಂಟೆಯೇ ಕಳೆದಿತ್ತು. ಲಿಫ್ಟಕ್ಕ ಹೋಗಿ ಮುಳ್ಳು ನೋಡಿದಳು. ಹದಿನೈದರಾಚೆ ಒಂದು ಸಣ್ಣ ಗೆರೆ. ಹದಿನೈದೂಕಾಲು. ಹದಿನೈದಕ್ಕಿಂತ ಕಾಲು ಜಾಸ್ತಿ, ಅಂದರೆ ದಾಟಿಬಿಟ್ಟಿದೆ. ಮರುದಿನ ಮುನ್ನೂರು ಮಕ್ಕಳಿಗೆ ಹಾಕಬೇಕಿದ್ದ ಪೋಲಿಯೊ ಹನಿಯೆಲ್ಲ ಹಾಳು.

ಫ್ರೀಜರಿನ ಬಾಗಿಲ ಹಿಡಿಗೆ ‘ಬಳಸಬೇಡಿ’ ಅನ್ನೋ ಚೀಟಿ ಕಟ್ಟಿ, ಸ್ಟೂಲಿನ ಮೇಲೆ ಕುಸಿದು ಕೂತಳು. ತಂಗಿಗೆ ಫೋನು ಮಾಡಿ ತನ್ನಿಂದ ದೊಡ್ಡ ಅನಾಹುತ ಆಯಿತೆಂದು ಅತ್ತಳು. ಮೀಟಿಂಗು ಮುಗಿಸಿ ಬಂದ ಫಾರ್ಮಸಿ ಮೇಡಂಗೂ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

ಮೇಡಂ ಮುಳ್ಳು ನೋಡಿದರು, ಅವಳನ್ನೂ ನೋಡಿದರು. ಬೈಯಲಿಲ್ಲ. ಇನ್ನೊಂದು ಸ್ಟೂಲು ಎಳೆದುಕೊಂಡರು.

“ಅಕ್ಕಾ, ಕೆಳಗೆ ಪಾರ್ಕಿಂಗು ಎರಡು ಅಂತಸ್ತಿದೆ ಅಲ್ವಾ? ಮೈನಸ್ ಒಂದು, ಮೈನಸ್ ಎರಡು. ಲಿಫ್ಟು ಎರಡರಿಂದ ಒಂದಕ್ಕೆ ಬಂದ್ರೆ ಹತ್ತಿತೋ, ಇಳೀತೋ?”

“ಹತ್ತಿತು. ಇದೇನು ಕೇಳೋ ಮಾತಾ?”

“ಹಾಗಾದ್ರೆ ಮೈನಸ್ ಹದಿನೈದನೇ ಅಂತಸ್ತಿಂದ ಇನ್ನೂ ಕಾಲು ಇಳಿದು ನಿಂತ್ರೆ?”

ಲಿಫ್ಟಕ್ಕ ಎದ್ದು ಮುಳ್ಳಿನ ಮೇಲಿನ ಗಾಜಿಗೆ ಬೆರಳಿಟ್ಟು ಹದಿನಾರು, ಹದಿನೈದು, ಹದಿನಾಲ್ಕು ಅಂತ ಒಂದೊಂದಾಗಿ ಮುಟ್ಟಿದಳು. ಸೊನ್ನೆಯಾಚೆ ಅಂಕಿ ದೊಡ್ಡದಾದಷ್ಟೂ ಇಳಿಯುವುದೇ, ಇಳಿದಷ್ಟೂ ಚಳಿ.

“ಇದು ಹದಿನೈದಕ್ಕಿಂತ ಕೆಳಗಿದೆ,” ಅಂದಳು ನಿಧಾನವಾಗಿ. “ಇನ್ನೂ ತಣ್ಣಗಿದೆ. ಏನೂ ಕೆಟ್ಟಿಲ್ಲ.”

“ಹದಿನಾಲ್ಕೂಮುಕ್ಕಾಲು ಆಗಿದ್ರೆ?”

“ಆಗ ದಾಟಿದ ಹಾಗೆ. ಗೆರೆಗಿಂತ ಕಾಲು ಮೇಲೆ.”

ಮೇಡಂ ತಲೆಯಾಡಿಸಿ, ಬಾಗಿಲು ತೆರೆಯದೆ ಇದ್ದದ್ದೇ ಒಳ್ಳೆಯದಾಯಿತು, ತೆರೆದಿದ್ದರೆ ನಿಜವಾಗಿಯೂ ಕೆಡುತ್ತಿತ್ತು ಅಂದರು. ಲಿಫ್ಟಕ್ಕ ಚೀಟಿ ಬಿಚ್ಚಿ ಹರಿದುಹಾಕಿದಳು. ನೋಡನೋಡುತ್ತ ಮುಳ್ಳು ಹದಿನಾರಕ್ಕೆ ಇಳಿಯಿತು. ಅದು ಇಳಿದ ಹಾಗೆ ಅವಳ ಭುಜಗಳೂ ಇಳಿದವು. ಶಾಖ ಬರೆದಿಡುವ ಹಾಳೆಯಲ್ಲಿ ಮೈನಸ್ ಗೆರೆಯನ್ನು ಎಲ್ಲಕ್ಕಿಂತ ದಪ್ಪಗೆ ಎಳೆದು, ಪಕ್ಕದಲ್ಲಿ ಅಂಕಿ ಬರೆದಳು.

ಆಗಲೇ ಹೊಟ್ಟೆ ಚುರ್ ಅಂದದ್ದು. ಮೂರು ಗಂಟೆಯಾಗಿತ್ತು. ಬುತ್ತಿ ಬಿಚ್ಚಿ ಮೊದಲ ತುತ್ತು ನುಂಗಿದ ಮೇಲೆ ತಂಗಿಗೆ ಮತ್ತೆ ಫೋನು ಮಾಡಿ, ನಾಳೆ ಕೂಸನ್ನು ಹನಿ ಹಾಕಿಸಲು ಬೇಗ ಕರೆದುಕೊಂಡು ಬಾ ಅಂದಳು.