ಸಮರ್ಕಂದದ ಕೆಂಪು ಹಾಸು

ನನ್ನ ಮಗ ರಂಗೇಶನ್ನ ಕಳ್ಳ ಅಂದ್ರು. ಅದೂ ಎಂಥಾ ಕಳ್ಳ! ನಮ್ಮ ದೇವರು ಬೀರಪ್ಪನಿಗೆ ಹರಕೆ ಬಿಟ್ಟ ಟಗರನ್ನ ಕದ್ದು ಮಾರಿದೋನು ಅಂತ. ಹಿಂಡು ಕಾಯಕ್ಕೆ ಹೋಗಿದ್ದೋರು ಇಬ್ರೇ, ಇವನು ಮತ್ತೆ ಕೊಟ್ರೇಶ. ಟಗರು ಕಾಣೆ ಆಗಿದ್ದೇ ತಡ, ರಂಗೇಶನೇ ಕದ್ದ ಅಂತ ಕೊಟ್ರೇಶ ಮೊದ್ಲು ಬಾಯಿ ಬಿಟ್ಟ. ಹರಿಯಬ್ಬೆ ಊರೆಲ್ಲ ಅವನ ಮಾತೇ ನಂಬ್ತು. ನನ್ನ ಮಗನಿಗೋ ಜಗಳ ಆಡಕ್ಕೆ ಬರಲ್ಲ, ಹಾಳಾದೋನಿಗೆ. ತಪ್ಪು ಅವನ ತಲೆಗೆ ಬಂದ್ರೆ ಇನ್ಮೇಲೆ ಯಾರೂ ಅವನ ಕೈಗೆ ಒಂದು ಕುರಿಮರೀನೂ ಕೊಡಲ್ಲ. ಕುರಿ ಬಿಟ್ರೆ ಅವನಿಗೆ ಇನ್ನೇನು ಗೊತ್ತೈತೆ?

ನಮ್ಮಲ್ಲಿ ಇಂಥದ್ದೆಲ್ಲ ಕಂಬಳಿ ಮೇಲೇ ತೀರ್ಮಾನ ಆಗಬೇಕು. ಕರಿ ಕಂಬಳಿ ಹಾಸಿ, ಅದರ ಮೇಲೆ ಕುಂತು ಮಾತಾಡಬೇಕು. ಅಲ್ಲಿ ಕುಂತು ಸುಳ್ಳಾಡಿದ್ರೆ ಮನೆತನ ಉಳಿಯಲ್ಲ ಅಂತ ಎಳೆ ಮಕ್ಕಳಿಗೂ ಗೊತ್ತು. ಅವತ್ತು ಮಧ್ಯಾಹ್ನ ಯಜಮಾನ ಮುದ್ದಣ್ಣಜ್ಜ ಹಿರೇರನ್ನ ಕರ್ಕಂಡು ನಮ್ಮ ಜಗಲಿಗೆ ಬಂದ. ನಾನೇ ನೇಯ್ದ ಕಂಬಳಿ ತಂದು ಕೊಡವಿದೆ.

ಅಷ್ಟರಾಗೆ ಕೊಟ್ರೇಶನ ಕಣ್ಣು ಒಳಗೆ ಮಂಚದ ಮೇಲಿದ್ದ ಕೆಂಪು ಹಾಸಿನ ಮೇಲೆ ಬಿತ್ತು. ನಮ್ಮಣ್ಣನ ಮಗಳು ಮೀನಾಕ್ಷಿ ಉಜ್ಬೇಕಿಸ್ತಾನದ ಸಮರ್ಕಂದದಾಗೆ ಡಾಕ್ಟರ್ ಓದ್ತಾಳೆ. ರಜೆಗೆ ಬರ್ತಾ ನನಗೆ ಅಂತ ತಂದಿದ್ಲು. ಮೇಲೆಲ್ಲ ಉದ್ದುದ್ದ ಉಣ್ಣೆ ಕುಚ್ಚು, ಕೆಂಪು, ಹಳದಿ.

"ಕೆಂಚಕ್ಕ, ಆ ಕಾರ್ಪೆಟ್ ಹಾಸು. ಅಜ್ಜನಿಗೆ ಮಂಡಿನೋವು ಐತೆ, ಕಂಬಳಿ ಚುಚ್ಚುತ್ತೆ," ಅಂದ ಕೊಟ್ರೇಶ.

ಎಲಾ ಇವನ! ಅಜ್ಜನ ಮಂಡಿ ಮೇಲೆ ಯಾವಾಗ ಬಂತು ಇಷ್ಟು ಅಕ್ಕರೆ? ನನ್ನ ಮೈಯೆಲ್ಲ ಉರೀತು. ಆದ್ರೆ ಅಜ್ಜನೂ "ಮೆತ್ತಗೆ ಕಾಣ್ತೈತೆ, ಹಾಕವ್ವ" ಅಂದುಬಿಟ್ಟ. ಹಾಸುವಾಗ ಅಡಿಯ ಹೊಲಿಗೆ ಕೈಗೆ ತಾಗ್ತು. ಗುರುತು ಸಿಕ್ತು. ಕುಚ್ಚು ಮೇಲೆ ಮಾಡಿ, ಅಡಿ ಕಾಣದಂಗೆ ಹಾಸಿದೆ.

ಕೊಟ್ರೇಶ ಆರಾಮಾಗಿ ಚಕ್ಕಂಬಕ್ಕಳ ಹಾಕಿ ಕುಂತ.

"ರಂಗೇಶನೇ ಟಗರನ್ನ ಆದಿವಾಲದ ಸಂತೆಯಾಗೆ ಮಾರಿದ. ಕಣ್ಣಾರೆ ಕಂಡೀನಿ," ಅಂದ. ದನಿ ಒಂಚೂರೂ ನಡುಗಲಿಲ್ಲ. ರಂಗೇಶ ಕಂಬಕ್ಕೆ ಒರಗಿ ತಲೆ ಬಗ್ಗಿಸಿದ್ದ.

"ಅಜ್ಜ, ಒಸಿ ಕಾಲು ತೆಗೀರಿ," ಅಂದೆ. ಹಾಸಿನ ಮೂಲೆ ಹಿಡಿದು ಮಗುಚಿದೆ. ಅಡಿಯೆಲ್ಲ ಕಪ್ಪು. ಬಣ್ಣ ಹಾಕದ ಕರಿ ಕುರಿ ಉಣ್ಣೆ, ಕೈಯಾಗೆ ನೂತ ನೂಲು. ಕಿರಿದಾದ ಪಟ್ಟಿ ನೇಯ್ದು, ಪಕ್ಕಪಕ್ಕ ಇಟ್ಟು ದಬ್ಬಣದಾಗೆ ಹೊಲಿದಿದ್ರು, ನಾವು ಕಂಬಳಿ ಪಟ್ಟಿ ಕೂಡಿಸ್ತೀವಲ್ಲ, ಹಂಗೇ.

"ಮೀನಾಕ್ಷಿ, ಇದನ್ನ ನೇಯ್ದೋರು ಯಾರಮ್ಮ?" ಅಂತ ಬಾಗಿಲಾಗೆ ನಿಂತಿದ್ದ ಅವಳನ್ನ ಕೇಳಿದೆ.

"ಕುರಿ ಕಾಯೋರ ಮನೆ ಹೆಂಗಸರು, ಅತ್ತೆ. ಅಲ್ಲಿ ಇದನ್ನೇ ಹಾಸ್ಕಂಡು ಮಲಗ್ತಾರೆ."

ಅಜ್ಜ ಹೊಲಿಗೆ ಮೇಲೆ ಬೆರಳಾಡಿಸ್ದ. ಉಣ್ಣೆ ಹಿಂಜಿ ನೋಡಿದ, ಮೂಸಿದ.

"ಇದೂ ಕಂಬಳೀನೇ ಕಣ್ರಲೇ," ಅಂದ.

ಕೊಟ್ರೇಶ ಕೆಂಡ ತುಳಿದೋನಂಗೆ ಎದ್ದ. ಜಗಲಿ ಇಳಿದು ಅಂಗಳದ ಮಣ್ಣಿಗೆ ಹೋಗಿ ನಿಂತ.

"ಯಾಕಪ್ಪ ಎದ್ದೆ? ಬಾ, ಕುಂತ್ಕ. ಅದೇ ಮಾತು ಇನ್ನೊಂದ್ಸಲ ಹೇಳು," ಅಂದ ಅಜ್ಜ.

ಕೊಟ್ರೇಶ ಬರಲಿಲ್ಲ. ಮುಖದ ಬೆವರು ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಆಗ ನನ್ನ ಮಗ ಎದ್ದ. ಯಾರೂ ಕರೀಲಿಲ್ಲ, ತಾನಾಗೇ ಬಂದು ಕೊಟ್ರೇಶ ಕುಂತಿದ್ದ ಜಾಗದಾಗೇ ಕುಂತ.

"ನಾನು ಮಾರಿಲ್ಲಜ್ಜ," ಅಂದ. ನಾನು ಸೆರಗು ಬಾಯಿಗೆ ಒತ್ಕಂಡೆ.

ಅಜ್ಜ ಅಂಗಳದ ಕಡೆ ಒಂದ್ಸಲ ನೋಡಿದ. ಆಮೇಲೆ ರಂಗೇಶನ ಬೆನ್ನು ತಟ್ಟಿದ.

"ಏಳಪ್ಪ. ಹೊತ್ತಾಗೈತೆ, ಕುರಿ ಹಸಿದವೆ. ಹೊಡ್ಕಂಡು ಹೋಗು."