ಗಂಟಿನ ಮೇಲಿನ ಮೊಳೆ

ಕಾಗದದ ಪುಡಿ, ಬಿಳಿಯದು, ಬೆಚ್ಚಗಿನದು, ಡ್ರಿಲ್ಲಿನ ಮೊನೆಯಿಂದ ಎದ್ದು ಅಂಗಿಯ ತೋಳಿನ ಮೇಲೆ ಬೀಳುತ್ತಿದೆ, ನೂರಾ ತೊಂಬತ್ತು ಪುಟ, ಅರ್ಧ ಆಯಿತು, ನಿಧಾನ, ಒತ್ತಬೇಡ, ಕೆಳಗೊಂದು ಬೇಡದ ಹಲಗೆ ಇಟ್ಕೋ ಮಗಳೇ, ಇಲ್ದಿದ್ರೆ ಹಿಂದಿನ ಮುಖ ಸೀಳುತ್ತೆ, ಅಪ್ಪ ಹೇಳಿದ್ದು, ಮರ ಕೊಯ್ಯುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದ ಅಪ್ಪ, ಇಟ್ಟಿದ್ದೇನೆ ಅಪ್ಪ, ಡಾಕ್ಟರೇಟ್ ಹುಡುಗ ಹ್ಯಾಂಪಸ್‌ನ ಪ್ರಬಂಧದ ಹಿಂದಿನ ಮುಖ ಸೀಳುವುದಿಲ್ಲ, ಹದಿನೆಂಟು ವರ್ಷದಲ್ಲಿ ಯಾರದ್ದೂ ಸೀಳಿಲ್ಲ, ಈ ವಿಭಾಗದಿಂದ ಡಾಕ್ಟರಾಗಿ ಹೋದ ಇಪ್ಪತ್ತೆರಡು ಜನರ ಪ್ರಬಂಧಕ್ಕೂ ತೂತು ಕೊರೆದವಳು ನಾನೇ, ಇಂಗೆಲಾ, ಸರ್ವರ್ ಕೋಣೆಯ ಇಂಗೆಲಾ, ಕಂಪ್ಯೂಟರ್ ವಿಜ್ಞಾನಕ್ಕೆ ನನ್ನ ಕೊಡುಗೆ ಇಪ್ಪತ್ತೆರಡು ತೂತು, ಇದು ಇಪ್ಪತ್ತಮೂರನೆಯದು. ಇಲ್ಲಿಯ ಹಳೇ ಪದ್ಧತಿ, ಡಾಕ್ಟರೇಟಿನ ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಪ್ರಬಂಧವನ್ನು ಎಲ್ಲರೆದುರು ಮೊಳೆ ಹೊಡೆದು ನೇತುಹಾಕಬೇಕು, ಯಾರು ಬೇಕಾದರೂ ಬಂದು ಓದಲಿ, ತಪ್ಪಿದ್ದರೆ ಹೇಳಲಿ ಎಂದು, ಹದಿನೆಂಟು ವರ್ಷದಲ್ಲಿ ಒಬ್ಬರೂ ಹೇಳಿದ್ದು ಕೇಳಿಲ್ಲ, ಬಂದವರೆಲ್ಲ ಕೇಕು ತಿಂದು ಹೋಗುತ್ತಾರೆ, ಆಮೇಲೆ ಪುಸ್ತಕ ಕಪಾಟು ಸೇರುತ್ತದೆ, ಗೋಡೆಯ ಹಲಗೆಯಲ್ಲಿ ಮೊಳೆಯ ತಲೆಗಳು ಮಾತ್ರ ಉಳಿಯುತ್ತವೆ, ಕಾಫಿಗೆ ಹೋಗುವಾಗಲೆಲ್ಲ ಅವು ನನ್ನನ್ನೇ ನೋಡುತ್ತವೆ. ಎರಡೂವರೆಗೆ ಮೊಳೆ. ಮೂರಕ್ಕೆ ನನ್ನ ಅರ್ಜಿಯ ಗಡುವು.

ತೂತು ಆಯಿತು, ಉಫ್ ಎಂದು ಊದಿದರೆ ಪುಟಗಳು ತೆರೆದುಕೊಂಡವು, ತೆರೆದದ್ದು ನಾಲ್ಕನೇ ಅಧ್ಯಾಯದಲ್ಲೇ, ಬೇಕೆಂದು ತೆರೆದೆನೋ ಏನೋ, ಕೆಡುವ ಮುನ್ನವೇ ಯಂತ್ರವನ್ನು ಗುರುತಿಸುವ ನಮ್ಮ ವಿಧಾನ ಅಂತ ಬರೆದಿದ್ದಾನೆ — ನಮ್ಮ ಎಂದರೆ ಯಾರದ್ದು ಹ್ಯಾಂಪಸ್ — ಆರು ವರ್ಷದ ಹಿಂದಿನ ಚಳಿಗಾಲ, ಇವನಿನ್ನೂ ಇಲ್ಲಿಗೆ ಬಂದಿರಲೇ ಇಲ್ಲ, ಸರ್ವರ್ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದವಳು ನಾನು, ಕೈಕೊಡುವ ಯಂತ್ರ ಅದಕ್ಕೆ ಎರಡು ದಿನ ಮೊದಲೇ ಉತ್ತರ ಕೊಡಲು ತಡಮಾಡುತ್ತದೆ, ಕೂದಲೆಳೆಯಷ್ಟು, ಕೊನೆಗಾಲದಲ್ಲಿ ಅಪ್ಪನೂ ಹಾಗೇ ಮಾಡುತ್ತಿದ್ದ, ಕಾಫಿ ಬೇಕಾ ಅಂದರೆ ಒಂದು ಗಳಿಗೆ ಬಿಟ್ಟು ಹೂಂ. ನಲವತ್ತು ಸಾಲಿನ ಪ್ರೋಗ್ರಾಂ ಬರೆದೆ, ತಡಮಾಡುವ ಯಂತ್ರದ ಕೆಲಸ ಪಕ್ಕದ ಯಂತ್ರಕ್ಕೆ ದಾಟುವಂತೆ ಮಾಡಿದೆ, ಯಾಕೆ ಹೀಗೆ ತಡಮಾಡ್ತಾವೆ ಅಂತ ಕಾಫಿ ಹೊತ್ತಿನಲ್ಲಿ ಟೋರ್‌ಬ್ಯೋರ್ನ್‌ನನ್ನು ಕೇಳಿದೆ, ಟೋರ್‌ಬ್ಯೋರ್ನ್ ಪ್ರೊಫೆಸರು, ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು, ಹೌದಲ್ಲಾ, ಸ್ವಾರಸ್ಯವಾಗಿದೆ ಅಂದ, ಮರುವರ್ಷ ಅದೇ ಸ್ವಾರಸ್ಯಕ್ಕೆ ಹ್ಯಾಂಪಸ್‌ನನ್ನು ನೇಮಿಸಿಕೊಂಡ. ಇರಲಿ, ಗ್ರಾಫುಗಳು ಹುಡುಗನವೇ, ಗಣಿತ ಅವನದೇ, ಸುಳ್ಳು ಹೇಳುವುದಿಲ್ಲ, ಪ್ರಶ್ನೆ ಮಾತ್ರ ನನ್ನದು. ಕೊನೆಯ ಪುಟದಲ್ಲಿ ವಂದನೆಗಳು, ಅವನ ನಾಯಿಗೆ ಎರಡು ಸಾಲು, ನನಗೆ ಒಂದು, ಯಂತ್ರಗಳನ್ನು ಎಚ್ಚರವಾಗಿಟ್ಟ ಮತ್ತು ಒಳ್ಳೆ ಕಾಫಿ ಮಾಡಿದ ಇಂಗೆಲಾಗೆ. ಕಾಫಿ ಮಾಡುವುದು ಯಂತ್ರ ಕಣೋ, ನಾನು ಗುಂಡಿ ಒತ್ತುತ್ತೇನೆ ಅಷ್ಟೆ.

ನನ್ನ ಕೋಣೆ, ಕಿಟಕಿಯಾಚೆ ಹಿಮವೆಲ್ಲ ಕರಗಿ ಚಳಿಗಾಲದಲ್ಲಿ ಜಾರದಿರಲೆಂದು ರಸ್ತೆಗೆ ಚೆಲ್ಲಿದ್ದ ಜಲ್ಲಿಯನ್ನು ಗುಡಿಸುವ ಗಾಡಿಯ ಗರಗರ, ಪರದೆಯ ಮೇಲೆ ಅರ್ಜಿ, ಡಾಕ್ಟರೇಟ್ ವಿದ್ಯಾರ್ಥಿಯ ಹುದ್ದೆ, ನಾಲ್ಕು ವರ್ಷ, ಎಲ್ಲ ತುಂಬಿಯಾಗಿದೆ, ಕೆಲಸದ ಜೊತೆಗೇ ಐದು ವರ್ಷ ಓದಿ ಪಡೆದ ಸ್ನಾತಕೋತ್ತರ ಪದವಿ ತುಂಬಿದೆ, ಹುಟ್ಟಿದ ವರ್ಷ ತುಂಬುವಾಗ ಕೈ ತಡೆಯಿತು, ವಯಸ್ಸು ನಲವತ್ತೇಳು, ತುಂಬಿದೆ, ಉಳಿದದ್ದು ಕಳುಹಿಸು ಎನ್ನುವ ಒಂದು ಗುಂಡಿ. ಶಿಫಾರಸಿಗೆ ಟೋರ್‌ಬ್ಯೋರ್ನ್‌ನ ಹೆಸರು, ಬೆಳಿಗ್ಗೆ ಕೇಳಿದ್ದೆ, ಅಲ್ಲ ಇಂಗೆಲಾ, ನನ್ನ ಹೆಸರು ಹಾಕ್ಕೋ, ಬೇಡ ಅನ್ನಲ್ಲ, ಆದ್ರೆ ಸ್ವಲ್ಪ ಯೋಚನೆ ಮಾಡು, ಡಾಕ್ಟರೇಟ್ ಅಂದ್ರೆ ಪ್ರಶ್ನೆ ಕೇಳೋ ಕೆಲಸ, ನಿನ್ನ ಹತ್ರ ಇರೋದೆಲ್ಲ ಉತ್ತರಗಳು, ಆಮೇಲೆ ನೀನು ಅಲ್ಲಿಗೆ ಹೋದ್ರೆ ಯಂತ್ರಗಳನ್ನ ಯಾರು ನೋಡ್ಕೋತಾರೆ ಹೇಳು, ಎಷ್ಟು ಪ್ರೀತಿಯಿಂದ ಹೇಳಿದ, ಇಲ್ಲಿ ಎಲ್ಲರೂ ಎಲ್ಲರಿಗೂ ನೀನು ಅನ್ನುತ್ತಾರೆ, ಪ್ರೊಫೆಸರಿಗೂ ನೀನು, ನೆಲ ಒರೆಸುವವನಿಗೂ ನೀನು, ಆದರೆ ಒರೆಸುವವನು ಯಾರೆಂದು ಎಲ್ಲರಿಗೂ ಗೊತ್ತು. ಮತ್ತೆ ನಾನು, ನಾನೇನು ಮಾಡಿದೆ, ಉಸಿರನ್ನು ಸರ್ರೆಂದು ಒಳಕ್ಕೆಳೆದೆ, ನಮ್ಮ ಉತ್ತರದವರ ಹೂಂ, ಬಾಯಿ ಬಿಡದೆ ಬರೀ ಉಸಿರೆಳೆದುಕೊಂಡು ಒಪ್ಪಿಬಿಡುವುದು, ಅಪ್ಪ ಕಾರ್ಖಾನೆಯ ಯಜಮಾನನಿಗೆ ಹೇಳುತ್ತಿದ್ದದ್ದು ಅದನ್ನೇ, ಭಾನುವಾರ ಬರ್ತೀಯಾ, ಸರ್ರ್, ಗರಗಸಕ್ಕೆ ಆ ಬೆರಳು ಹೋದದ್ದು ನಿನ್ನ ತಪ್ಪೇ ಅಲ್ವಾ, ಸರ್ರ್. ನನಗೆ ಆ ಸದ್ದು ಅಸಹ್ಯ, ನನ್ನ ಎದೆಯಿಂದಲೇ ಬರುತ್ತದೆ. ಒತ್ತಿಬಿಡಲೇ, ಈಗಲೇ, ಒಂದೇ ಬೆರಳು ಸಾಕು — ಇಂಗೆಲಾ, ತೂತು ಆಯ್ತಾ, ಬಾಗಿಲಲ್ಲಿ ಹ್ಯಾಂಪಸ್, ಹೊಸ ಕೋಟು, ಕಿವಿಯೆಲ್ಲ ಕೆಂಪು, ಎಲ್ಲಾರೂ ಬಂದ್ಬಿಟ್ರು, ಸುತ್ತಿಗೆ ಎಲ್ಲಿದೆ, ಹತ್ತು ನಿಮಿಷದ ಕೆಲಸ, ಬಂದು ಒತ್ತಿದರಾಯಿತು, ಎದ್ದೆ.

ಮೊಳೆ ಹೊಡೆಯುವ ಹಲಗೆ ನಾನೇ ತಂದದ್ದು, ಅಪ್ಪನ ಕಾರ್ಖಾನೆ ಮುಚ್ಚಿದಾಗ ಬಿಟ್ಟುಹೋಗಿದ್ದ ಪೈನ್ ಮರದ ದಪ್ಪ ಹಲಗೆ, ಅದರ ಒಂದೊಂದು ಗಂಟೂ ನನಗೆ ಗೊತ್ತು, ಅಪ್ಪನ ಕೈಯಷ್ಟೇ ಚೆನ್ನಾಗಿ. ಮೇಜಿನ ಮೇಲೆ ಹಸಿರು ಕೇಕು, ಲೋಟಗಳು, ಟೋರ್‌ಬ್ಯೋರ್ನ್ ಮಾತಾಡುತ್ತಿದ್ದಾನೆ, ಇಷ್ಟು ಸ್ವಂತವಾಗಿ ಯೋಚನೆ ಮಾಡೋ ಹುಡುಗನ್ನ ನಾನು ನೋಡೇ ಇಲ್ಲ, ಎಂದ, ಸ್ವಂತವಾಗಿ, ಗೋಡೆಯ ಗಡಿಯಾರ ಎರಡು ಐವತ್ತು, ಮುಗಿಸು ಮಾರಾಯ, ನಾಲ್ಕನೇ ಅಧ್ಯಾಯವಂತೂ ಬಂಗಾರ, ಎಂದ, ಚಪ್ಪಾಳೆ, ನಾನೂ ತಟ್ಟಿದೆ, ಎರಡು ಐವತ್ತೈದು. ಹ್ಯಾಂಪಸ್ ಪುಸ್ತಕವನ್ನು ಹಲಗೆಗೆ ಒತ್ತಿ ಹಿಡಿದ, ಅಲ್ಲಿ ಬೇಡ, ಅದು ಗಂಟು, ಕಬ್ಬಿಣದ ಹಾಗೆ ಗಟ್ಟಿ, ಮೊಳೆ ಇಳಿಯುವುದಿಲ್ಲ, ನಾಲಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ, ಹೇಳದೆ ಇದ್ದದ್ದಕ್ಕೆ ಒಂದು ಸಣ್ಣ ಸುಖವಾಯಿತು, ಕೇಕಿಗಿಂತ ಸಿಹಿ. ಮೊದಲ ಏಟಿಗೇ ಮೊಳೆ ಸೊಟ್ಟಗಾಯಿತು, ಎಲ್ಲರೂ ನಕ್ಕರು, ಇನ್ನೊಂದು ಮೊಳೆ, ಅದೂ ಸೊಟ್ಟ, ಲೇ, ಮೊಳೆ ಹೊಡೆಯೋಕ್ಕೂ ಒಂದು ಪ್ರೋಗ್ರಾಂ ಬರ್ಕೋ, ಯಾರೋ ಅಂದರು, ಮತ್ತೆ ನಗು, ಎರಡು ಐವತ್ತೆಂಟು, ನನ್ನ ಕೋಣೆ ನಲವತ್ತು ಹೆಜ್ಜೆ, ಹೋಗು ಈಗ, ಯಾರೂ ನೋಡುತ್ತಿಲ್ಲ, ಒಂದು ಹೆಜ್ಜೆ ಇಟ್ಟೆ, ಎರಡು — ಇಂಗೆಲಾ, ಎಲ್ಲಿಗೆ ಹೊರಟೆ, ನೀನೇ ಹೊಡೆದುಬಿಡು, ನಿಂಗೆ ಇದೆಲ್ಲ ಬರುತ್ತಲ್ವಾ, ಹ್ಯಾಂಪಸ್ ಸುತ್ತಿಗೆ ಚಾಚಿದ್ದಾನೆ, ಹಿಡಿಕೆ ನನ್ನ ಕಡೆಗೆ, ಅದನ್ನಾದರೂ ಕಲಿತಿದ್ದಾನೆ, ಮುಖದಲ್ಲಿ ಕೆಟ್ಟತನ ಒಂದಿಷ್ಟೂ ಇಲ್ಲ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಇಲ್ಲ ಕಣೋ, ನಂಗೆ ಕೆಲಸ ಇದೆ, ಐದೇ ಮಾತು, ಬಾಯಿ ತೆರೆದೆ, ಉಸಿರು ಒಳಕ್ಕೆ ಹೋಯಿತು, ಸರ್ರ್.

ಕೈಗೆ ಸುತ್ತಿಗೆ ಬಂತು. ಪುಸ್ತಕವನ್ನು ಗಂಟಿನಿಂದ ಎರಡು ಬೆರಳು ಎಡಕ್ಕೆ ಸರಿಸಿದೆ, ಹೊಸ ಮೊಳೆ, ತೂತಿನೊಳಗೆ ನೆಟ್ಟಗೆ ಕೂತಿತು, ನಾನು ಕೊರೆದ ತೂತು, ಅಳತೆ ತಪ್ಪಿಲ್ಲ, ಒಂದು, ಇದು ತಡಮಾಡಿದ ಯಂತ್ರಕ್ಕೆ, ಎರಡು, ನಲವತ್ತು ಸಾಲಿಗೆ, ಸೊಟ್ಟ ಹೊಡೆ, ಬೇಕೆಂದೇ ಸೊಟ್ಟ ಹೊಡೆ, ಒಂದು ಸಲವಾದರೂ — ಕೈ ಕೇಳಲಿಲ್ಲ, ಮೂರು. ಆಹಾ, ನೋಡ್ರೋ, ಇದು ಕೆಲಸ ಅಂದ್ರೆ, ಟೋರ್‌ಬ್ಯೋರ್ನ್ ನನ್ನ ಬೆನ್ನು ತಟ್ಟುತ್ತಿದ್ದಾನೆ, ನೀನಿಲ್ದಿದ್ರೆ ನಾವೇನ್ಮಾಡ್ತಿದ್ವೋ ಇಂಗೆಲಾ, ಕೇಕು ಯಾರು ಕುಯ್ತೀರಿ, ಗಡಿಯಾರದ ದೊಡ್ಡ ಮುಳ್ಳು ಹನ್ನೆರಡನ್ನು ದಾಟಿದೆ, ದಾಟಿ ನಿಂತಿದೆ, ಮುಂದಿನ ಹುದ್ದೆ ಯಾವ ವರ್ಷವೋ, ಆಗ ನನ್ನ ವಯಸ್ಸೆಷ್ಟೋ, ಯಾರೋ ಕೈಗೆ ಚಾಕು ಕೊಟ್ಟರು, ಹಲಗೆಯತ್ತ ನೋಡಬಾರದು, ನೋಡುತ್ತಿದ್ದೇನೆ, ಎಷ್ಟು ನೇರ ಹೊಡೆದಿದ್ದೇನೆ, ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ, ಪುಟಕ್ಕೆ ಅಂಟಿಕೊಂಡ ಹಾಗೆ ಕೂತಿದೆ, ಮೊಳೆಯ ತಲೆ, ದುಂಡಗೆ, ಹೊಳೆಯುತ್ತಾ, ಮೊಳೆಯ ತಲೆ, ನಾನೇ ಹೊಡೆದದ್ದು, ಮೊಳೆಯ ತಲೆ